ಐದನೇ ಡೇರೆಯ ಹರಕೆ

ಹಾಸಿಗೆ ಹಾಸುವ ಹೆಂಗಸಿನಿಂದ ಯಾರೂ ಏನನ್ನೂ ಮುಚ್ಚಿಡಲಾರರು. ಆಸಿಲಿನಕ್ಕನ ಜೊತೆ ಹದಿನಾಲ್ಕು ವರ್ಷ ಒಂದೇ ಬಿಡಾರದಲ್ಲಿ ಕೆಲಸ ಮಾಡಿ ನಾನು ಏನಾದರೂ ಕಲಿತಿದ್ದರೆ ಅದು ಇದು. ದಿನಾ ಬೆಳಗ್ಗೆ ಹತ್ತರ ಹೊತ್ತಿಗೆ ಅವಳು ಒಗೆಯುವ ಬಟ್ಟೆಯ ಗಂಟು ಹೊತ್ತು ನನ್ನ ಅಡುಗೆಮನೆಯ ಹಿಂಬಾಗಿಲಿಗೆ ಬರುತ್ತಾಳೆ. ಒಂದು ಚೊಂಬು ನೀರು ಕುಡಿಯುತ್ತಾಳೆ. ಆಮೇಲೆ ವರದಿ ಒಪ್ಪಿಸುತ್ತಾಳೆ.

"ಮೂರನೇ ಡೇರೆಯ ದೊಡ್ಡ ಮನುಷ್ಯನಿಗೆ ಸೊಂಟ ಹಿಡ್ಕೊಂಡಿದೆ. ದಿಂಬೆಲ್ಲ ನಡುವಿನ ಕೆಳಗೆ ಸೇರ್ಸಿದಾನೆ. ನೀನು ಒಂದಿಷ್ಟು ಕೊತ್ತಂಬರಿ ಕಷಾಯ ಕಳ್ಸು."

"ಏಳನೇ ಡೇರೆಯ ಅಮ್ಮ ನಿನ್ನೆ ಚಿರತೆ ಎದುರು ನಿಂತು ಫೋಟೋ ತೆಗೆದ್ಲಂತೆ. ರಾತ್ರಿ ಹಲ್ಲಿಗೆ ಹೆದರಿ ಸ್ನಾನದ ತೊಟ್ಟೀಲಿ ಮಲಗಿದಾಳೆ."

ಅತಿಥಿಗಳ ಹೆಸರು ನಮಗೆ ಗೊತ್ತಿರುವುದಿಲ್ಲ. ಗೊತ್ತಿರಬಾರದು ಎಂಬುದು ಮಾಲೀಕರ ನಿಯಮ. ನಮಗೆ ಅವರು ಡೇರೆಯ ನಂಬರು. ನಾವು ಅವರನ್ನು ಕಂಡಾಗ ಕೈ ಜೋಡಿಸಿ 'ಆಯುಬೋವನ್' ಎನ್ನಬೇಕು, ಮುಗುಳ್ನಗಬೇಕು, ದಾರಿ ಬಿಡಬೇಕು. ಏನನ್ನೂ ಕೇಳಬಾರದು. ಆದರೆ ಹಾಸಿಗೆ ಮಾತಾಡುತ್ತದಲ್ಲ, ಅದರ ಬಾಯಿ ಮುಚ್ಚಿಸುವ ನಿಯಮವನ್ನು ಯಾವ ಮಾಲೀಕನೂ ಮಾಡಿಲ್ಲ.

ನಮ್ಮ ಬಿಡಾರ ಈ ದ್ವೀಪದ ತೆಂಕಲಿಗೆ, ಯಾಲ ಕಾಡು ಸಮುದ್ರಕ್ಕೆ ಮುಟ್ಟುವ ಕಡೆ, ಬೇಲಿಯಿಂದ ಈಚೆಗೆ ಇದೆ. ಎಂಟು ಡೇರೆ. ಡೇರೆ ಎಂದರೆ ಬಟ್ಟೆಯದೇ, ಸುಳ್ಳಲ್ಲ. ಆದರೆ ಒಳಗೆ ತೇಗದ ಮಂಚ, ತಾಮ್ರದ ಸ್ನಾನದ ತೊಟ್ಟಿ, ಸದ್ದಿಲ್ಲದೆ ತಣ್ಣನೆ ಗಾಳಿ ಊದುವ ಯಂತ್ರ. ಮುಂದೆ ಹಲಗೆಯ ಜಗಲಿ, ಅದರ ಮೇಲೆ ಕಾಲು ಚಾಚಿ ಮಲಗುವ ಕುರ್ಚಿ, ಕುರ್ಚಿಯ ಮೇಲೆ ಮೆತ್ತೆ. ಅಲೆಯ ಸದ್ದು ರಾತ್ರಿ ಹಗಲು ಬಿಡುವುದಿಲ್ಲ. ಇಲ್ಲಿ ಒಂದು ರಾತ್ರಿ ಮಲಗಲು ಏನು ಕೊಡುತ್ತಾರೆಂದು ಕೇಳಿದ ದಿನ ಆಸಿಲಿನಕ್ಕ ಗಂಟನ್ನು ಕೆಳಗಿಟ್ಟು ನಕ್ಕಿದ್ದಳು. "ನಮ್ಮಪ್ಪ ಹೊಲ ಕಾಯೋಕೆ ಮರದ ಮೇಲೆ ಹರಕು ಬಟ್ಟೆ ಕಟ್ಕೊಂಡು ಹನ್ನೆರಡು ವರ್ಷ ಮಲಗಿದ. ಕೆಳಗೆ ಆನೆ, ಮೇಲೆ ನಕ್ಷತ್ರ. ಯಾರೂ ಅವನಿಂದ ಒಂದು ಬಿಡಿಗಾಸು ಕೇಳ್ಲಿಲ್ಲ ನೋಡು."

ನಾನು ಜಲ್ದೀನ್, ಕಿರಿಂದದ ಮಲಾಯಿ ಮುಸಲ್ಮಾನ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಸಿಪಾಯಿಗಳಾಗಿ ಹಡಗು ಹತ್ತಿ ಬಂದವರಂತೆ. ನನ್ನ ಕೈಗೆ ಸಿಕ್ಕಿದ್ದು ಸೌಟು. ಸಿಡುಕ ಎಂದು ನನಗೆ ಹೆಸರಿದೆ. ಇದ್ದರೆ ಇರಲಿ, ಎಂಟು ಡೇರೆಗೆ ಎಂಟು ಬಗೆಯ ಪಥ್ಯ ಮಾಡಿ ನೋಡಿ, ಆಮೇಲೆ ಮಾತಾಡೋಣ. ಆಸಿಲಿನಕ್ಕನ ಮೇಲೆ ಮಾತ್ರ ನಾನು ಇವತ್ತಿನವರೆಗೆ ದನಿ ಎತ್ತಿಲ್ಲ. ಎತ್ತಿದರೆ ಅವಳು ತಿರುಗಿ ಬೈಯುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಅದನ್ನು ತಡೆದುಕೊಳ್ಳುವುದು ಕಷ್ಟ.

ಅವಳು ಹುಟ್ಟಿದ್ದು ತನಮಲ್ವಿಲದ ಆಚೆ, ಕಾಡು ಕಡಿದು ಸುಟ್ಟು ರಾಗಿ ಬಿತ್ತುವವರ ಮನೆಯಲ್ಲಿ. ಅವಳಿಗೆ ಎಂಟು ವರ್ಷವಿದ್ದಾಗ ಮಳೆ ಕೈಕೊಟ್ಟಿತು. ಅವಳ ತಾಯಿ ಒಂದು ನಾಣ್ಯವನ್ನು ಅರಿಶಿನ ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಮನೆಯ ತೊಲೆಗೆ ಕಟ್ಟಿ ಕತರಗಮದ ದೇವರಿಗೆ ಹರಕೆ ಹೇಳಿಕೊಂಡಳು. ಮಳೆ ಬಂದರೆ ಗಂಡ ಹೆಂಡತಿ ಮಕ್ಕಳು ಎಲ್ಲರೂ ನಡೆದು ಬಂದು ಹಣ್ಣಿನ ತಟ್ಟೆ ಇಡುತ್ತೇವೆ ಅಂತ. ನಾಲ್ಕನೇ ದಿನ ಮಳೆ ಸುರಿಯಿತು. ಅಪ್ಪ "ಕೊಯ್ಲು ಮುಗೀಲಿ, ಹೋಗೋಣ" ಎಂದ. ಕೊಯ್ಲಿನ ಹಿಂದಿನ ದಿನ ಆನೆಗಳು ಬಂದು ಒಂದು ತೆನೆಯನ್ನೂ ಬಿಡದೆ ಮೇಯ್ದು ಹೋದವು. ಆನೆ ಬಂದದ್ದು ಹಸಿವಿಗೆ ಎಂದು ನಾನು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ. "ಇರಬಹುದು" ಎನ್ನುತ್ತಾಳೆ. ಆದರೆ ಅಂದಿನಿಂದ ಈಡೇರಿದ ಹರಕೆಯನ್ನು ವಾರ ದಾಟಿಸುವುದೆಂದರೆ ಅವಳಿಗೆ ಊಟ ಸೇರುವುದಿಲ್ಲ.

ಗಂಡ ಸಿರಿಸೋಮಣ್ಣ. ಕಾಡಿನ ಜೀಪುಗಳಲ್ಲಿ ಪ್ರಾಣಿಯ ಜಾಡು ತೋರಿಸುವ ಕೆಲಸ ಮಾಡಿ ಈಗ ನಿವೃತ್ತನಾಗಿದ್ದಾನೆ. ಒಣಗಿದ ಎಲೆಯ ಮೇಲೆ ಚಿರತೆ ಎಷ್ಟು ಹೊತ್ತಿಗೆ ಹೋಯಿತೆಂದು ಹೇಳಬಲ್ಲ, ಹೆಂಡತಿಗೆ ಎದುರು ನಿಂತು ಒಂದು ಮಾತು ಹೇಳಲಾರ. ಹನ್ನೊಂದು ವರ್ಷದಿಂದ ಹೀಗೆ. ಆಗ ಬಿಡಾರದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಊರಿನಿಂದ ಏನೇ ಸುದ್ದಿ ಬಂದರೂ ಅವನು ಜೀಪು ಹತ್ತುವ ಜಾಗಕ್ಕೇ ಬರಬೇಕು. ಒಂದು ಬೆಳಗ್ಗೆ, ಆಸಿಲಿನಕ್ಕನ ತಾಯಿಗೆ ಉಸಿರು ಹತ್ತಿದೆ, ಮಗಳನ್ನು ಕಳಿಸು ಎಂದು ಸುದ್ದಿ ಬಂತು. ಜೀಪು ಹೊರಟು ನಿಂತಿತ್ತು. ಮಧ್ಯಾಹ್ನ ಬಂದು ಹೇಳಿದರಾಯಿತೆಂದು ಇವನು ಹತ್ತಿದ. ಜೀಪು ಮರಳಿದ್ದು ಸಂಜೆ ಆರಕ್ಕೆ. ಮುದುಕಿ ಮೂರು ಗಂಟೆಗೆ ಹೋಗಿಬಿಟ್ಟಿದ್ದಳು, ಕೊನೆಗೆ ಮಗಳ ಹೆಸರು ಹಿಡಿದು ಕರೆಯುತ್ತ.

ಅಕ್ಕ ಅತ್ತಳು, ಆದರೆ ಜಗಳವಾಡಲಿಲ್ಲ. ತಿಥಿ ಮುಗಿಸಿ ಬಂದ ದಿನ ಸಿರಿಸೋಮಣ್ಣ ತಾನಾಗಿ ಮಡಿಚುವ ಮಂಚವನ್ನು ಜಗಲಿಗೆ ಎಳೆದುಕೊಂಡ. ಅವಳು ಒಳಗೆ, ಅವನು ಹೊರಗೆ. ಕೇಳಿದರೆ ಅವನು "ನನ್ನ ಗೊರಕೆ ಜಾಸ್ತಿ" ಎನ್ನುತ್ತಾನೆ, ಅವಳು "ಒಳಗೆ ಸೆಕೆ" ಎನ್ನುತ್ತಾಳೆ. ಮಾತಿಗೆ ಮನೆಯ ನಾಯಿ ಜಿಮ್ಮಿ ಇದೆ. ಅಡುಗೆಮನೆಯಿಂದ "ಜಿಮ್ಮೀ, ಅನ್ನ ಆಗಿದೆ ಅಂತ ಹೇಳು" ಎಂಬ ದನಿ. ಜಗಲಿಯಿಂದ "ಜಿಮ್ಮೀ, ನಿನ್ನೆ ಸಾರಿಗೆ ಉಪ್ಪು ಕಮ್ಮಿ ಇತ್ತು ಅಂತ ಹೇಳು." ಒಳಗಿಂದ "ಜಿಮ್ಮೀ, ಉಪ್ಪಿನ ಮರಿಗೆ ಎಲ್ಲಿದೆ ಅಂತ ಅವ್ರಿಗೆ ಗೊತ್ತಿದೆ ಅಂತ ಹೇಳು." ಮೊದಮೊದಲು ನನಗೆ ನಗು ಬರುತ್ತಿತ್ತು. ಜಿಮ್ಮಿಗೂ ವಯಸ್ಸಾಯಿತು. ಈಗ ಅದು ಕಣ್ಣು ಸಹ ಬಿಡುವುದಿಲ್ಲ, ಆದರೂ ಕೆಲಸ ನಡೆಯುತ್ತದೆ.

ಹೋದ ಆಗಸ್ಟಿನಲ್ಲಿ ಐದನೇ ಡೇರೆಗೆ ಒಂದು ಜೋಡಿ ಬಂತು. ಯೂರೋಪಿನ ಯಾವುದೋ ತಣ್ಣನೆ ದೇಶದವರು, ಇಬ್ಬರಿಗೂ ಐವತ್ತರ ಮೇಲೆ. ನಾಲ್ಕು ರಾತ್ರಿಯ ವಾಸ. ಬೆಳಗ್ಗೆ ಒಂದೇ ಜೀಪಿನಲ್ಲಿ ಕಾಡಿಗೆ ಹೋಗುತ್ತಾರೆ, ಅವನು ಮುಂದೆ, ಅವಳು ಹಿಂದೆ. ಊಟಕ್ಕೆ ಕೂತರೆ ಚಮಚದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಜಗಳವೂ ಇಲ್ಲ. ಒಬ್ಬರಿಗೊಬ್ಬರು ಉಪ್ಪಿನ ಡಬ್ಬಿಯನ್ನು ತುಂಬ ಮರ್ಯಾದೆಯಿಂದ ಸರಿಸುತ್ತಿದ್ದರು. ಅದನ್ನು ನೋಡಿದರೆ ನನಗೆ ಜಗಳವೇ ವಾಸಿ ಅನಿಸುತ್ತಿತ್ತು.

ಪ್ರತಿ ಸಂಜೆ ಆಸಿಲಿನಕ್ಕ ಹಾಸಿಗೆ ಸರಿಪಡಿಸಿ ಎರಡು ದಿಂಬಿನ ಮೇಲೂ ಒಂದೊಂದು ದೇವಕಣಗಿಲೆ ಹೂವು ಇಡುತ್ತಾಳೆ. ಮಲಗುವವರು ಅದನ್ನು ತೆಗೆದು ಪಕ್ಕಕ್ಕಿಡಬೇಕು ತಾನೇ. ಮೊದಲ ಬೆಳಗ್ಗೆ ಎಡಗಡೆಯ ಹೂವು ಮೇಜಿನ ಮೇಲಿತ್ತು. ಬಲಗಡೆಯದು ಇಟ್ಟಲ್ಲೇ ಬಾಡಿತ್ತು. ಎರಡನೇ ಬೆಳಗ್ಗೆಯೂ ಹಾಗೇ. ಮೂರನೆಯದೂ ಹಾಗೇ. ಗಂಡಸು ಹೊರಗೆ ಜಗಲಿಯ ಕುರ್ಚಿಯಲ್ಲಿ ಮಲಗುತ್ತಿದ್ದ.

"ಸೆಕೆ ಅಂತ ಇರಬೇಕು ಬಿಡಕ್ಕ" ಎಂದೆ ನಾನು ಮೂರನೇ ದಿನ.

"ಒಳಗೆ ತಣ್ಣನೆ ಗಾಳಿ ಯಂತ್ರ ಇದೆ" ಎಂದಳು. ಗಂಟು ಎತ್ತಿಕೊಂಡು ಹೊರಟುಹೋದಳು. ಅವಳ ಮನೆಯ ಸೆಕೆಯ ವಿಷಯ ನಾನು ಎತ್ತಬಾರದಿತ್ತು, ಬಾಯಿ ತಪ್ಪಿ ಬಂತು.

ನಾಲ್ಕನೇ ಬೆಳಗ್ಗೆ ಅವಳು ಬಂದವಳು ನೀರು ಕುಡಿಯಲಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತಳು. ಗಂಟು ಮಡಿಲಲ್ಲೇ ಇತ್ತು.

"ಆಗ್ಬಿಡ್ತು ತಮ್ಮಾ."

"ಏನಾಯ್ತು? ಯಾರ ಸಾಮಾನು ಕಳೆದುಹೋಯ್ತು?"

"ಐದನೇ ಡೇರೇಲಿ ದಿಂಬಿನ ಮೇಲೆ ಎರಡೂ ಹೂವಿಲ್ಲ. ಹಾಸಿಗೆ ಎರಡು ಕಡೆಗೂ ಮುದುರಿದೆ."

"ಒಳ್ಳೇದೇ ಆಯ್ತಲ್ಲ. ಅದಕ್ಕೆ ಯಾಕೆ ಹೀಗೆ ಮುಖ ಮಾಡ್ಕೊಂಡಿದೀಯ?"

ಅವಳು ರವಿಕೆಯೊಳಗಿಂದ ಒಂದು ಪುಟ್ಟ ಬಿಳಿ ಗಂಟು ತೆಗೆದು ಅಂಗೈ ಮೇಲಿಟ್ಟುಕೊಂಡಳು. ಐದು ರೂಪಾಯಿ ನಾಣ್ಯ. ಹಿಂದಿನ ದಿನ ನನ್ನ ಅಡುಗೆಮನೆಯ ಅರಿಶಿನದಲ್ಲೇ ತೊಳೆದು, ಹೊಸ ದಿಂಬಿನ ಚೀಲದ ಅಂಚು ಕತ್ತರಿಸಿ ಸುತ್ತಿ, ಐದನೇ ಡೇರೆಯ ಮಂಚದ ಕಾಲಿಗೆ ಕಟ್ಟಿದ್ದಳಂತೆ. ಈ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುವಂತಾದರೆ ಗಂಡ ಹೆಂಡತಿ ಕೂಡಿ ಒಂದೇ ತಟ್ಟೆ ಹಿಡಿದು ನಿನ್ನ ಬಾಗಿಲಿಗೆ ಬರುತ್ತಾರೆ ಸ್ವಾಮಿ, ಅಂತ ಹೇಳಿಕೊಂಡಿದ್ದಳು.

"ಬರ್ತಾರೆ ಅಂತ ಅವ್ರನ್ನ ಕೇಳಿದ್ಯಾ?"

"ಹೇಗೆ ಕೇಳ್ಲಿ? ಕೇಳಬಾರದಲ್ಲ."

"ಅವ್ರ ಕಾಲಲ್ಲಿ ನೀನು ದೇವ್ರ ಹತ್ರ ನಡೆದುಬಿಟ್ಯಾ? ಎಂಥ ಹೆಂಗಸಮ್ಮ ನೀನು."

"ಹೂವು ಹಾಗೇ ಬಾಡೋದನ್ನ ನೋಡೋಕಾಗ್ಲಿಲ್ಲ" ಎಂದಳು. ಅಷ್ಟೇ.

ನನಗೆ ಒಂದು ವಿಷಯ ಗೊತ್ತಿತ್ತು. ಬೆಳಗಿನ ಐದಕ್ಕೆ ಜೀಪು ಹೊರಡುವ ಮುಂಚೆ ಡೇರೆಗಳಿಗೆ ಚಹಾ ಒಯ್ಯುವವನು ನಾನೇ. ಮೂರರ ಸುಮಾರಿಗೆ ಒಂದು ದಪ್ಪ ಹನಿಯ ಮಳೆ ಹೊಯ್ದು ನಿಂತಿತ್ತು. ಐದನೇ ಡೇರೆಯ ಕುರ್ಚಿಯ ಮೆತ್ತೆ ತೊಪ್ಪೆಯಾಗಿತ್ತು. ಪ್ರೀತಿ ಉಕ್ಕಿ ಒಳಗೆ ಹೋದನೋ, ನೆನೆಯಲಾರದೆ ಹೋದನೋ, ಯಾರಿಗೆ ಗೊತ್ತು. ಹೇಳಿದರೆ ಇವಳ ಎದೆಯ ಭಾರ ಇಳಿದೀತು ಎಂದುಕೊಂಡೆ.

"ಅಕ್ಕ, ಅದು ಹರಕೆಯಿಂದ ಆದದ್ದಲ್ಲ. ಮಳೆ ಬಂತು, ಆ ಮನುಷ್ಯ ಒಳಗೆ ಓಡಿದಾನೆ, ಅಷ್ಟೇ."

"ಮೆತ್ತೆ ಹಿಂಡಿ ಒಣಗೋಕೆ ಹಾಕಿದ್ದು ನಾನೇ. ಮಳೆ ಬಂದದ್ದು ನಂಗೊತ್ತಿಲ್ವಾ?" ಎಂದಳು ಅವಳು. "ಆಗಸ್ಟಲ್ಲಿ ಇಲ್ಲಿ ಮಳೆ ಕಳ್ಸಿದ್ದು ಯಾರು ಅಂತೀಯ?"

ಇಲ್ಲಿ ಆಗಸ್ಟಿನಲ್ಲಿ ಮೋಡ ಕಂಡರೇ ಜನ ಬೆರಳು ಮಾಡಿ ತೋರಿಸುತ್ತಾರೆ.

ಅವರು ಹನ್ನೊಂದು ಗಂಟೆಗೆ ಹೊರಡುವವರು. ವಿಮಾನ ನಿಲ್ದಾಣ ಪಡುವಲಿಗೆ, ಕತರಗಮ ಬಡಗಲಿಗೆ. ಅಕ್ಕ ಎದ್ದು ಮ್ಯಾನೇಜರ್ ದಿನುಕ ಸರ್ ಬಳಿ ಹೋದಳು. ನಾನೂ ಕೈ ಒರೆಸಿಕೊಂಡು ಹಿಂದೆ ಹೋದೆ. ದಿನುಕ ಮೂವತ್ತರ ಮನುಷ್ಯ, ಕೆಟ್ಟವನಲ್ಲ. ಆದರೆ ಅತಿಥಿಗಳ ದೂರು ಎಂದರೆ ಅವನಿಗೆ ಭಯ. ಎಲ್ಲ ಕೇಳಿ ಕುರ್ಚಿಗೆ ಒರಗಿದ.

"ಆಸಿಲಿನ್ ಅಕ್ಕ, ನೀವು ಅತಿಥಿಗಳ ಮಂಚಕ್ಕೆ ಏನೋ ಕಟ್ಟಿದ್ರಿ ಅಂತ ನಾನು ಅವ್ರಿಗೆ ಹೇಳ್ಬೇಕಾ? ಮಾಟ ಮಾಡಿದಾರೆ ಅಂತ ಬರೀತಾರೆ. ಇಡೀ ಲೋಕ ಓದುತ್ತೆ."

"ಮಾಟ ಅಲ್ಲ ಸರ್. ಅರ್ಧ ದಿನದ ಕೆಲಸ. ಇಬ್ರೂ ತಟ್ಟೆ ಹಿಡಿದು ನಿಂತ್ರೆ ಸಾಕು."

"ಆಗಲ್ಲ ಅಕ್ಕ."

"ತೀರಿಸ್ದೆ ಹೋದ್ರೆ ಅವ್ರಿಗೇ ಕೆಟ್ಟದು ಸರ್. ಅವ್ರ ಹೆಸರಲ್ಲಿ ಕಟ್ಟಿದ್ದು ನಾನು. ಪಾಪ, ಅವ್ರೇನು ಮಾಡಿದಾರೆ?"

ಅವಳ ಕಣ್ಣು ತುಂಬಿತ್ತು. ದಿನುಕ ಒಂದು ಚೀಟಿಯಲ್ಲಿ ನಮ್ಮ ಅಕ್ಷರದಲ್ಲಿ ಎರಡು ಹೆಸರು ಬರೆದುಕೊಟ್ಟ. ಯೋಸ್ತ್, ಲೀಸ್ಬೆತ್. "ನಾನು ಕೊಟ್ಟೆ ಅಂತ ಹೇಳ್ಬೇಡಿ. ಅವ್ರ ಪರವಾಗಿ ನೀವೇ ತೀರಿಸಿ" ಎಂದ. ಅವನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಬೀಳ್ಕೊಡುವಾಗ ನಾವೆಲ್ಲ ಸಾಲಾಗಿ ನಿಲ್ಲುವುದು ಪದ್ಧತಿ. ಆ ಹೆಂಗಸು ಎರಡು ದೇವಕಣಗಿಲೆಯನ್ನೂ ಮುಡಿಗೆ ಸಿಕ್ಕಿಸಿಕೊಂಡಿದ್ದಳು, ಅಂಚು ಕಂದಿದ್ದರೂ. ಆಸಿಲಿನಕ್ಕನ ಎದುರು ನಿಂತು ಹೂವನ್ನು ಮುಟ್ಟಿ ತೋರಿಸಿ ಏನೋ ಹೇಳಿದಳು. ಅಕ್ಕನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಅವಳು ಕೈ ಜೋಡಿಸಿ ಆಯುಬೋವನ್ ಎಂದಳು. ಗಂಡಸು ಕಾರಿನ ಬಾಗಿಲು ಹಿಡಿದು ಕಾಯುತ್ತಿದ್ದ. ಈ ಸಲ ಇಬ್ಬರೂ ಹಿಂದೆಯೇ ಕೂತರು.

ಪರವಾಗಿ ತೀರಿಸಬಹುದು, ನಿಜ. ಆದರೆ ಅವಳು ಹೇಳಿಕೊಂಡದ್ದು ಗಂಡ ಹೆಂಡತಿ ಕೂಡಿ ಒಂದೇ ತಟ್ಟೆ ಹಿಡಿಯುತ್ತಾರೆ ಎಂದು. ಒಬ್ಬಳೇ ಹೋದರೆ ಮಾತು ಅರ್ಧ ಮುರಿದಂತೆ.

"ನಾನು ಬಂದು ಹಿಡೀತೀನಿ" ಎಂದೆ.

"ನೀನಾ? ದೇವ್ರಿಗಿಂತ ಮೊದ್ಲು ನಿನ್ನ ಹೆಂಡ್ತಿ ನಂಗೆ ಶಾಪ ಹಾಕ್ತಾಳೆ."

"ಹಾಗಾದ್ರೆ ಇನ್ನೊಬ್ರು ಇದಾರಲ್ಲ, ಜಗಲೀಲಿ."

ಎರಡು ದಿನ ಕಳೆಯಿತು. ನೀರು ಕುಡಿಯುತ್ತಾಳೆ, ವರದಿ ಒಪ್ಪಿಸುವುದಿಲ್ಲ. ಮೂರನೇ ದಿನ ಸಂಜೆ ನನ್ನ ಆಟೋದಲ್ಲಿ ಅವಳನ್ನು ಮನೆಗೆ ಬಿಡಲು ಹೋದವನು, ಉಳಿದ ಮೀನಿನ ಪಲ್ಯ ಕೊಟ್ಟು ಅಂಗಳದಲ್ಲೇ ನಿಂತಿದ್ದೆ. ಸಿರಿಸೋಮಣ್ಣ ಮಡಿಚುವ ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಜಿಮ್ಮಿ ಅವನ ಕಾಲಬುಡದಲ್ಲಿತ್ತು. ಅಕ್ಕ ಹೊಸ್ತಿಲಲ್ಲಿ ನಿಂತು ನಾಯಿಯನ್ನು ನೋಡುತ್ತ ಹೇಳಿದಳು.

"ಜಿಮ್ಮೀ, ಕತರಗಮಕ್ಕೆ ಒಂದು ಹರಕೆ ತೀರಿಸೋದಿದೆ ಅಂತ ಹೇಳು. ಗಂಡ ಹೆಂಡ್ತಿ ಒಂದೇ ಹಾಸಿಗೇಲಿ ಮಲಗೋ ಹಾಗಾಗ್ಲಿ ಅಂತ ಮಂಚಕ್ಕೆ ಕಟ್ಟಿದ್ದು. ತಟ್ಟೆ ಹಿಡಿಯೋಕೆ ಇಬ್ರೂ ಬೇಕು. ಬರ್ತಾರಾ ಕೇಳು."

ಅಡಿಕೆಕತ್ತರಿ ನಿಂತಿತು. ಸಿರಿಸೋಮಣ್ಣ ತಲೆ ಎತ್ತಲಿಲ್ಲ. ಅವನ ಕಿವಿ ಕೆಂಪಾದದ್ದನ್ನು ನಾನು ಅಂಗಳದಿಂದಲೇ ಕಂಡೆ. ಆಗ ನನಗೆ ಹೊಳೆಯಿತು, ಈ ಮನುಷ್ಯ ಐದನೇ ಡೇರೆಯ ಕತೆ ಕೇಳಿಯೇ ಇಲ್ಲ. ಮಂಚ ಎಂದರೆ ಅವನ ಮಟ್ಟಿಗೆ ಒಳಗಿನ ಮಂಚ, ಗಂಡ ಹೆಂಡತಿ ಎಂದರೆ ತಾವಿಬ್ಬರು.

"ಜಿಮ್ಮೀ" ಎಂದ ಅವನು, ಗಂಟಲು ಸರಿಮಾಡಿಕೊಂಡು. "ಎಷ್ಟು ಹೊತ್ತಿಗೆ ಹೊರಡೋದು ಅಂತ ಕೇಳು."

ಅಕ್ಕ ಸಮಾಧಾನದ ಉಸಿರು ಬಿಟ್ಟು ಒಳಗೆ ಹೋದಳು. ಅವಳಿಗೆ ಏನೂ ಹೊಳೆದಿರಲಿಲ್ಲ. ಹೇಳಿಬಿಡಲೇ ಎಂದು ನಾನು ಬಾಯಿ ತೆರೆದೆ. ಸಿರಿಸೋಮಣ್ಣ ಎದ್ದು ಹಗ್ಗದ ಮೇಲಿದ್ದ ಬಿಳಿ ಅಂಗಿಯನ್ನು ಮೂಸಿ ನೋಡಿ, ಒಗೆಯಲು ಬಾವಿಯ ಕಡೆ ಹೊರಟಿದ್ದ. ಬಾಯಿ ಮುಚ್ಚಿಕೊಂಡೆ. ಜೀವನದಲ್ಲಿ ನಾನು ಸುಮ್ಮನಿದ್ದ ಸಂದರ್ಭಗಳು ಕಡಿಮೆ, ಇದು ಅವುಗಳಲ್ಲೊಂದು. ಆದರೆ ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ದೇವರ ಎದುರು, ಅಷ್ಟು ಜನರ ನಡುವೆ, ಅವಳು ಆ ಪರದೇಶದ ಹೆಸರು ಹೇಳಿದಾಗ ಇವನ ಮುಖ ಏನಾದೀತು? ಅವಮಾನ ಹೊತ್ತುಕೊಂಡು ಮತ್ತೆ ಜಗಲಿಗೆ ಬಂದರೆ ಈ ಜನ್ಮಕ್ಕೆ ಒಳಗೆ ಹೋಗುವುದಿಲ್ಲ.

ಬೆಳಗ್ಗೆ ಹತ್ತೂವರೆಯ ಪೂಜೆಗೆ ಹೊರಟೆವು. ಸಿರಿಸೋಮಣ್ಣ ಗಡ್ಡ ಬೋಳಿಸಿ ಗಲ್ಲದ ಮೇಲೆ ಎರಡು ಕಡೆ ಗಾಯ ಮಾಡಿಕೊಂಡಿದ್ದ. ಆಟೋದಲ್ಲಿ ಇಬ್ಬರ ನಡುವೆ ತೆಂಗಿನಕಾಯಿ ಚೀಲ. ಕನ್ನಡಿಯಲ್ಲಿ ನೋಡಿದರೆ ಅಕ್ಕನ ತುಟಿ ಅಲ್ಲಾಡುತ್ತಿತ್ತು. ಯೋಸ್ತ್, ಲೀಸ್ಬೆತ್. ಯೋಸ್ತ್, ಲೀಸ್ಬೆತ್. ಮರೆತರೆ ಎಂಬ ಭಯ ಅವಳಿಗೆ. ನನ್ನ ಆಟೋದ ಸದ್ದಿಗೆ ಪಕ್ಕದವನಿಗೆ ಕೇಳಿಸುವಂತಿರಲಿಲ್ಲ. ಕಾಡಿನ ದಾರಿ ಶುರುವಾಗುವಲ್ಲಿ ಸಿರಿಸೋಮಣ್ಣ ನನ್ನ ಭುಜ ತಟ್ಟಿ ನಿಲ್ಲಿಸಿದ. ಇಳಿದು, ಒಂದು ಹಸಿರು ಚಿಗುರು ಮುರಿದು, ದಾರಿ ಕಾಯುವ ದೇವರಿಗೆಂದು ಪಕ್ಕದ ಮರದ ಕೊಂಬೆಗೆ ತೂಗುಹಾಕಿ ಕೈ ಮುಗಿದ. ಕಾಡಿಗೆ ಹೊಗುವ ಮುಂಚೆ ಅವನು ಒಂದೇ ಚಿಗುರು ತೂಗುವುದನ್ನು ನಾನು ಕಂಡವನು. ಅವತ್ತು ಹೋಗಿ ಮತ್ತೊಂದು ಮುರಿದು ತಂದು ಅದರ ಪಕ್ಕಕ್ಕೆ ಹಾಕಿದ. ಆಟೋದೊಳಗಿನ ತುಟಿ ಒಂದು ಕ್ಷಣ ನಿಂತಿತು.

ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ತಟ್ಟೆ ಕಟ್ಟಿಸಿದೆವು. ಬಾಳೆ, ಅನಾನಸು, ಮಾವು, ವೀಳ್ಯದೆಲೆ, ಕೆಂಪು ಹಾರ. ನಾನು ಪಕ್ಕದ ಮಸೀದಿಗೆ ಹೋಗಿ ಕಾಯಬೇಕಾದವನು. ಹೋಗಲಿಲ್ಲ, ಅವರ ಹಿಂದೆಯೇ ಸಾಲಿನಲ್ಲಿ ನಿಂತೆ. ಇಬ್ಬರೂ ತಟ್ಟೆ ಹಿಡಿದಿದ್ದರು. ಹಣ್ಣು ಬೀಳದಿರಲು ಸ್ವಲ್ಪ ಹತ್ತಿರ ನಿಲ್ಲಬೇಕಾಗುತ್ತದೆ. ಹನ್ನೊಂದು ವರ್ಷದಲ್ಲಿ ಅವರಿಬ್ಬರ ಮೊಣಕೈ ತಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಾಲು ಸರಿಯಿತು. ಪೂಜಾರಿ ತಟ್ಟೆಗೆ ಕೈಯಿಟ್ಟು, ನಾಣ್ಯದ ಗಂಟನ್ನು ತೆಗೆದುಕೊಂಡು ಕೇಳಿದರು. "ಯಾರ ಹೆಸರಲ್ಲಿ ಹೇಳ್ಲಿ?"

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಿಂದ ಮಾತು ಬಂದಾಗಿತ್ತು.

"ಸಿರಿಸೋಮ. ಆಸಿಲಿನ್ ನೋನ."

ತಟ್ಟೆ ಒಂದು ಸಲ ಅಲುಗಿತು. ಅವಳು ಅವನ ಕಡೆ ತಿರುಗಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ, ದೇವರ ಮುಂದೆ ಇಳಿಬಿಟ್ಟ ಪರದೆಯನ್ನೇ ನೋಡುತ್ತಿದ್ದ.

"ತಡ ಮಾಡಿದ್ದು ನಾನೇ ಸ್ವಾಮಿ" ಎಂದ ಪೂಜಾರಿಗೆ. "ಅವಳ ತಪ್ಪಿಲ್ಲ. ಬೆಳಗ್ಗೆನೇ ಹೇಳಬೇಕಿತ್ತು, ಹೇಳ್ಲಿಲ್ಲ. ಅದನ್ನೂ ಸೇರಿಸಿ ಹೇಳಿ."

ಪೂಜಾರಿ ದಿನಕ್ಕೆ ಸಾವಿರ ಹರಕೆ ಕೇಳುವವರು, ತಲೆಯಾಡಿಸಿದರು. ಯಾವ ಬೆಳಗ್ಗೆ ಎಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಅವಳಿಗೂ 'ಆ ಬೆಳಗ್ಗೆ' ಯಾವುದೆಂದು ಗೊತ್ತಿತ್ತು. ಪಕ್ಕದಲ್ಲಿದ್ದ ಯಾರದೋ ಅಜ್ಜಿ ನನಗೆ ತನ್ನ ಕರವಸ್ತ್ರ ಕೊಟ್ಟಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಪೂಜಾರಿ ಶುರುಮಾಡುವ ಮುಂಚೆ ಅಕ್ಕ ಸಣ್ಣ ದನಿಯಲ್ಲಿ ಹೇಳಿದಳು. "ಇನ್ನೂ ಇಬ್ರ ಹೆಸರಿದೆ ಸ್ವಾಮಿ. ಆಮೇಲೆ ಸೇರಿಸಿ. ಯೋಸ್ತ್. ಲೀಸ್ಬೆತ್."

ದೇವರ ಮುಂದೆ ನಾಲ್ಕು ಹೆಸರೂ ಒಂದೇ ಉಸಿರಿಗೆ ಹೋದವು. ಆ ಎರಡು ಹೆಸರನ್ನು ಪೂಜಾರಿ ಸೊಟ್ಟಗೆ ಹೇಳಿದರು. ದೇವರಿಗೆ ಅರ್ಥವಾಗಿರುತ್ತದೆ.

ಹೊರಗೆ ಮರದ ನೆರಳಿನಲ್ಲಿ ಮೂವರೂ ಕೂತು ಎಮ್ಮೆ ಮೊಸರಿಗೆ ಬೈನೆ ಬೆಲ್ಲದ ಪಾಕ ಹಾಕಿಕೊಂಡು ತಿಂದೆವು. ಜಿಮ್ಮಿ ಅಲ್ಲಿರಲಿಲ್ಲ. ಸಿರಿಸೋಮಣ್ಣ ಒಂದೆರಡು ಸಲ ಆಚೆ ಈಚೆ ನೋಡಿದ. ಕೊನೆಗೆ ನೇರವಾಗಿ ಅವಳನ್ನೇ ಕೇಳಿದ.

"ಅವ್ರಿಬ್ರು ಯಾರು?"

"ಐದನೇ ಡೇರೆಯವ್ರು. ಹರಕೆ ಅವ್ರದು."

ಅವನು ಮೊಸರಿನ ಮಡಕೆಯನ್ನು ನೋಡುತ್ತ ಕೂತ. ಲೆಕ್ಕ ತಪ್ಪಿದ್ದು ಅವನಿಗೆ ನಿಧಾನವಾಗಿ ಅರ್ಥವಾಯಿತು, ಕಿವಿ ಮತ್ತೆ ಕೆಂಪಾಯಿತು. ನಾನು ಆಕಾಶ ನೋಡಿದೆ.

"ಹಾಗಾದ್ರೆ ನಮ್ದು?"

"ನಮ್ದು ನಾನು ಕಟ್ಟೇ ಇರ್ಲಿಲ್ಲ."

"ಕಟ್ಟದೇನೇ ತೀರಿಸಿಬಿಟ್ವಾ?"

"ಹೂಂ" ಎಂದಳು ಅಕ್ಕ. ತನ್ನ ಪಾಲಿನ ಪಾಕವನ್ನು ಅವನ ಮೊಸರಿಗೆ ಬಗ್ಗಿಸಿದಳು. "ತಿನ್ನಿ. ಉಪ್ಪು ಕಮ್ಮಿ ಅಂತ ಮಾತ್ರ ಹೇಳ್ಬೇಡಿ."

ಕಟ್ಟದ ಹರಕೆಯನ್ನು ತೀರಿಸಿದವರಿಗೆ ದೇವರು ಏನು ಮಾಡುತ್ತಾನೆ ಎಂಬುದು ನನ್ನ ಮತದಲ್ಲೂ ಹೇಳಿಲ್ಲ, ಅವರದರಲ್ಲೂ ಇಲ್ಲ. ಆಮೇಲೆ ಎಂಟು ಹತ್ತು ದಿನ ನಾನು ಆ ಕಡೆ ಹೋಗಲಿಲ್ಲ. ಅಕ್ಕ ಎಂದಿನಂತೆ ಬರುತ್ತಿದ್ದಳು, ನೀರು ಕುಡಿಯುತ್ತಿದ್ದಳು, ಎಲ್ಲ ಡೇರೆಯ ವರದಿ ಒಪ್ಪಿಸುತ್ತಿದ್ದಳು. ತನ್ನ ಮನೆಯ ವರದಿ ಮಾತ್ರ ಇಲ್ಲ. ನಾನೂ ಕೇಳಲಿಲ್ಲ. ಕೇಳಬಾರದೆಂಬ ನಿಯಮ ನಮ್ಮ ಬಿಡಾರದಲ್ಲಿ ಇದೆಯಲ್ಲ.

ಒಂದು ಬೆಳಗ್ಗೆ ಬೇಗ, ಪೇಟೆಗೆ ಹೋಗುವ ದಾರಿಯಲ್ಲಿ, ಅವಳನ್ನು ಕರೆದೊಯ್ಯೋಣವೆಂದು ಅವರ ಅಂಗಳದಲ್ಲಿ ಆಟೋ ನಿಲ್ಲಿಸಿದೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಜಗಲಿಯ ಮಂಚ ಅಲ್ಲೇ ಇತ್ತು. ಅದರ ಮೇಲೆ, ಸಿರಿಸೋಮಣ್ಣನ ದಿಂಬಿಗೆ ತಲೆಯಿಟ್ಟು, ಕಾಲು ನಾಲ್ಕೂ ಚಾಚಿ ಜಿಮ್ಮಿ ಮಲಗಿತ್ತು. ಆಟೋ ಸದ್ದಿಗೆ ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಅವರನ್ನು ಎಬ್ಬಿಸಬಾರದೆಂದು ನಾನು ಇಂಜಿನ್ ಆರಿಸಿ, ಆಟೋವನ್ನು ರಸ್ತೆಯವರೆಗೆ ಕೈಯಿಂದಲೇ ತಳ್ಳಿಕೊಂಡು ಹೋದೆ.